ಫೈಬರ್ ಗಾಜು ನಿಜ, ಅದರ ಪಕ್ಕದ ತಂತಿ ಗಾಜಲ್ಲ

"ಇಂಟರ್ನೆಟ್ಟಿನ ಫೈಬರ್ ಕೇಬಲಿನಲ್ಲಿ ಕರೆಂಟ್ ಇರಲ್ಲವಲ್ಲ, ಗೇಟ್ ಲೈಟಿನ ಜಾಯಿಂಟ್ ಇರುವ ಡಬ್ಬಿಯಲ್ಲೇ ಅದನ್ನೂ ಸೇರಿಸಬಹುದಾ, ಧೂಳು, ನೀರು ತಡೆಯುವ ಐಪಿ65 ಡಬ್ಬಿ ಯಾವ ಕಂಪನಿಯದು ಒಳ್ಳೆಯದು" ಅಂತ ಕೇಳಿದ್ದೀರಿ. ಇದೇ ಮಾತನ್ನು ನಾಲ್ಕು ವರ್ಷದ ಹಿಂದೆ ನಾನು ಕೇಳಿರಲಿಲ್ಲ, ಹೇಳಿದ್ದೆ. ಅದೂ ಫೈಬರ್ ಹಾಕಲು ಬಂದ ಹುಡುಗನಿಗೆ ಪಾಠ ಮಾಡುವ ಹಾಗೆ.

ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಜಗಲಿಗೆ ತಗಡಿನ ಮಾಡು, ಅದನ್ನು ಹೊತ್ತ ಕಬ್ಬಿಣದ ಪೈಪುಗಳು. ಒಂದು ಪೈಪಿನಿಂದ ಇನ್ನೊಂದಕ್ಕೆ ಅಮ್ಮ ಬಟ್ಟೆ ಹಾಕುವ ತಂತಿ. ಮೂಲೆಯ ಗೋಡೆಯಲ್ಲಿ ಅಂಗಳದ ಲೈಟಿನ ಜಾಯಿಂಟ್ ಡಬ್ಬಿ. ಹುಡುಗ "ಸಾರ್, ಫೈಬರ್ ಬಾಕ್ಸ್ ಎಲ್ಲಿ ಕೂರಿಸಲಿ?" ಅಂದ. ಆಗಷ್ಟೇ ಬಣ್ಣ ಹೊಡೆಸಿದ್ದ ಗೋಡೆ, ಇನ್ನೊಂದು ಡಬ್ಬಿ ಬೇಡ ಅನ್ನಿಸಿತು. "ಇದರಲ್ಲೇ ಜಾಗ ಇದೆ, ಫೈಬರ್ ಗಾಜು ತಾನೇ" ಅಂತ ನಾನೇ ಸ್ಕ್ರೂಡ್ರೈವರ್ ತಂದು ಮುಚ್ಚಳ ಬಿಚ್ಚಿದೆ. ಅವನು ಒಮ್ಮೆ ಅನುಮಾನದಿಂದ ನೋಡಿದ. ನಾನು ಬಿಡಲಿಲ್ಲ.

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ತಪ್ಪು ಇರುವುದು ಇಲ್ಲೇ. ಕಂಬದಿಂದ ಮನೆಗೆ ಬರುವ ಆ ಕಪ್ಪು ಚಪ್ಪಟೆ ಕೇಬಲ್ ನೋಡಿ. ನಡುವೆ ಕೂದಲಿನಷ್ಟು ಗಾಜಿನ ಎಳೆ. ಒಂದು ಅಂಚಿನಲ್ಲಿ ಭಾರ ಹೊರಲು ಸುಮಾರು 1 ಮಿ.ಮೀ. ದಪ್ಪದ ಉಕ್ಕಿನ ತಂತಿ. ಗಾಜಿನ ಎರಡೂ ಪಕ್ಕದಲ್ಲಿ ಇನ್ನೆರಡು ಸಣ್ಣ ತಂತಿ, ಅವೂ ಎಷ್ಟೋ ಕೇಬಲ್‌ಗಳಲ್ಲಿ ಉಕ್ಕೇ. ಅಂದರೆ ನಾನು ಡಬ್ಬಿಯೊಳಗೆ ಬಿಟ್ಟುಕೊಂಡಿದ್ದು ಗಾಜನ್ನಲ್ಲ, 230 ವೋಲ್ಟಿನ ಪಕ್ಕಕ್ಕೆ ಉಕ್ಕಿನ ತಂತಿಯನ್ನು. ಹುಡುಗ ದಪ್ಪ ತಂತಿಯ ಸಿಪ್ಪೆ ಸುಲಿದು ಪೈಪಿಗೆ ಬಿಗಿಯಾಗಿ ಸುತ್ತಿದ್ದ. ಅಲ್ಲೇ ಕತ್ತರಿಸಬೇಕಿತ್ತು. ಕತ್ತರಿಸದೆ ಉಳಿದದ್ದನ್ನೂ ಒಳಗೆ ತಂದಿದ್ದ. ಜಾಸ್ತಿ ಇದ್ದ ಸುರುಳಿಯನ್ನು ನಾನು ಹೆಬ್ಬೆರಳಿನಿಂದ ಒತ್ತಿ ಮುಚ್ಚಳ ಹಾಕಿದೆ. ಆ ಉಕ್ಕಿನ ತುದಿ ಹೋಗಿ ಫೇಸ್ ತಂತಿಯ, ಅಂದರೆ ಕರೆಂಟ್ ಬರುವ ತಂತಿಯ, ಸ್ಕ್ರೂ ಪಕ್ಕ ಕೂತಿತು. ಆ ಪೈಪಿಗೆ ಬಟ್ಟೆಯ ತಂತಿ ಕಟ್ಟಿದೆ. ಈಗ ಲೆಕ್ಕ ಹಾಕಿ.

ಮಳೆ ಹಿಡಿದ ಮೇಲೆ ಒಂದು ದಿನ ಅಮ್ಮ, "ತಂತಿ ಮುಟ್ಟಿದ್ರೆ ಎಂತದೋ ಜುಂ ಅಂತದೆ ಮಾರಾಯ" ಅಂದಳು. "ಸುಮ್ನೆ ನಿನ್ನ ಭ್ರಮೆ" ಅಂದೆ. ಎರಡು ದಿನ ಹಾಗೇ ಕಳೆಯಿತು. ಆ ಎರಡು ದಿನ ನೆನೆದರೆ ಈಗಲೂ ಬೆವರುತ್ತೇನೆ. ಅವಳ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅಷ್ಟೇ. ಮೂರನೇ ದಿನ ತಂತಿಗೆ ಟೆಸ್ಟರ್ ಹಿಡಿದೆ. ಹೊಳೆಯಿತು. ಟೆಸ್ಟರ್ ಹೊಳೆದದ್ದೆಲ್ಲ ಅಪಾಯದ ಕರೆಂಟ್ ಅಂತಲ್ಲ, ಆದರೆ ಅಂಗಳದ ಲೈಟಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇಳಿಸಿದ ತಕ್ಷಣ ಆರಿಹೋಯಿತು. ಡಬ್ಬಿ ಬಿಚ್ಚಿದರೆ ತಳದಲ್ಲಿ ನೀರು, ಇರುವೆ, ಸ್ಕ್ರೂ ಹತ್ತಿರ ಕಪ್ಪಾದ ಉಕ್ಕಿನ ತುದಿ.

ಎಂಸಿಬಿ ಯಾಕೆ ಬೀಳಲಿಲ್ಲ ಅಂದರೆ ಅದು 6 ಆಂಪಿಯರಿನದು. ಪೈಪಿನಿಂದ ನೆಲಕ್ಕೆ ಸೋರುತ್ತಿದ್ದದ್ದು ಅದರ ಒಂದು ಸಣ್ಣ ಪಾಲು ಅಷ್ಟೇ. ಮನುಷ್ಯನನ್ನು ಕೊಲ್ಲಲು ಆಂಪಿಯರಿನ ಹತ್ತರಲ್ಲಿ ಒಂದು ಪಾಲೂ ಬೇಡ. ಸೋರಿಕೆ ಹಿಡಿಯುವುದು ಆರ್‌ಸಿಸಿಬಿ, ಕರೆಂಟ್ ಸ್ವಲ್ಪ ನೆಲಕ್ಕೆ ಸೋರಿದರೂ ಬೀಳುವ ಬೇರೆ ಸ್ವಿಚ್. ನಮ್ಮ ಹಳೇ ವೈರಿಂಗಿಗೆ ಅದಿರಲೇ ಇಲ್ಲ. ನಿಮ್ಮಲ್ಲಿ 30 ಮಿಲಿಆಂಪಿಯರಿನದು ಇಲ್ಲದಿದ್ದರೆ ಡಬ್ಬಿಯ ದುಡ್ಡನ್ನು ಮೊದಲು ಅದಕ್ಕೆ ಹಾಕಿ.

ಹಾಗಾಗಿ ಯಾವ ಕಂಪನಿ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ನನ್ನದೂ ಐಪಿ65 ಡಬ್ಬಿಯೇ. 6 ಅಂದರೆ ಧೂಳು ಒಳಗೆ ಹೋಗದು, 5 ಅಂದರೆ ಪೈಪಿನ ನೀರು ಚಿಮ್ಮಿದರೂ ತಡೆಯುತ್ತದೆ. ನೀವು ಡ್ರಿಲ್ ಹಿಡಿಯುವ ತನಕ ಮಾತ್ರ. ನಾವು ಮೇಲಿನಿಂದ ತೂತು ಕೊರೆದಿದ್ದೆವು, ಕೇಬಲ್ ಗುಂಟ ನೀರು ನೇರ ಇಳಿಯಿತು. ತೂತು ಯಾವಾಗಲೂ ಕೆಳಗೆ, ಅದಕ್ಕೆ ಕೇಬಲಿನ ಅಳತೆಯ ಗ್ಲ್ಯಾಂಡ್, ಅಂದರೆ ಕೇಬಲನ್ನು ಸುತ್ತ ಬಿಗಿಹಿಡಿದು ತೂತು ಮುಚ್ಚುವ ಬಿರಡೆ. ಕೇಬಲ್ ಡಬ್ಬಿಗಿಂತ ಕೆಳಗೆ ಒಮ್ಮೆ ಜೋತು ಮೇಲೆ ಬರಲಿ, ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ತಂತಿ ತಿರುಚಿ ಟೇಪ್ ಸುತ್ತುವ ಜಾಯಿಂಟ್ ಬೇಡ. ಸ್ಕ್ರೂ ಬಿಗಿಸುವ ಟರ್ಮಿನಲ್ ಹಾಕಿಸಿ, ಎಳೆ ಎಳೆ ತಂತಿಯಾದರೆ ತುದಿಗೆ ಲಗ್ (ಲೋಹದ ಟೊಪ್ಪಿಗೆ) ಒತ್ತಿಸಿ.

ಫೈಬರಿಗೆ ಬೇರೆಯದೇ ಡಬ್ಬಿ. ನಾನೀಗ ಒಂದು ಅಡಿ ದೂರ ಇಟ್ಟಿದ್ದೇನೆ. ಭಾರ ಹೊರುವ ದಪ್ಪ ಉಕ್ಕಿನ ತಂತಿ ಹೊರಗಿನ ಕೊಕ್ಕೆಯಲ್ಲೇ ನಿಲ್ಲಬೇಕು, ಒಳಗೆ ಬರಬಾರದು. ಕೊಕ್ಕೆ ಗೋಡೆಗಿರಲಿ, ಕಬ್ಬಿಣದ ಪೈಪಿಗೆ ಬೇಡ. ಒಳಗೆ ಕೈಬಳೆಯಷ್ಟು ಅಗಲದ ಸುರುಳಿಗೆ ಜಾಗ ಇರಲಿ, ಚೂಪಾಗಿ ಮಡಚಿದರೆ ಬೆಳಕು ಸೋರಿ ರೂಟರಿನಲ್ಲಿ ಕೆಂಪು ದೀಪ ಬರುತ್ತದೆ. ಫೈಬರ್ ತುದಿಯ ಹಸಿರು ಕನೆಕ್ಟರಿಗೆ ಹಸಿರೇ. ನೀಲಿಯದು ಕೂರುತ್ತದೆ, ಆದರೆ ತುದಿಯ ಓರೆ ಹೊಂದುವುದಿಲ್ಲ. ತುದಿಗೆ ಕಣ್ಣಿಟ್ಟು ನೋಡಬೇಡಿ, ಒಳಗಿನ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಕತ್ತರಿಸಿದ ಗಾಜಿನ ಚೂರನ್ನು ಟೇಪಿಗೆ ಅಂಟಿಸಿ ಬಿಸಾಡಿ, ಬರಿಗಾಲಿನ ಮನೆ ಅಲ್ವಾ.

ಅಮ್ಮನ ತಂತಿ ಬಿಚ್ಚಿ ನೈಲಾನ್ ಹಗ್ಗ ಕಟ್ಟಿಕೊಟ್ಟಿದ್ದೇನೆ. ಈಗಲೂ ಬಟ್ಟೆ ಹಾಕುವ ಮುಂಚೆ ಬೆರಳ ಹಿಂಭಾಗದಿಂದ ಒಮ್ಮೆ ಮುಟ್ಟಿ ನೋಡುತ್ತಾಳೆ. ಈಗ ನಾನು ಭ್ರಮೆ ಅನ್ನುವುದಿಲ್ಲ.