ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ಹೋಗೋದಕ್ಕಿಂತ ಬರೋದಕ್ಕೆ ಯಾಕೆ ಜಾಸ್ತಿ ಹೊತ್ತು?

ದೂರ ಸುಮಾರು 14,000 ಕಿ.ಮೀ. ನೇರ ವಿಮಾನವಾದರೆ ಹೋಗುವಾಗ ಹತ್ತಿರಹತ್ತಿರ 16 ಗಂಟೆ, ಬರುವಾಗ 17 ದಾಟುತ್ತದೆ. ನಡುವೆ ಒಂದು ಕಡೆ ಇಳಿದು ಹತ್ತಿದರೆ 20 ಗಂಟೆಗಿಂತ ಜಾಸ್ತಿಯೇ ಅಂದುಕೊಳ್ಳಿ.

ಈ 14,000ದ ಲೆಕ್ಕ ಗೋಡೆ ಮೇಲಿನ ನಕ್ಷೆ ನೋಡಿದರೆ ತಲೆಗೆ ಹೋಗುವುದಿಲ್ಲ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ತನ್ನಿ. ಹೂ ಕಟ್ಟುವ ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಸೀದಾ ಪೂರ್ವಕ್ಕೂ ಹೋಗಲ್ಲ, ಪಶ್ಚಿಮಕ್ಕೂ ಹೋಗಲ್ಲ. ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು ಉತ್ತರಕ್ಕೆ ಮೇಲೆ ಹತ್ತಿ, ರಷ್ಯಾದ ಉತ್ತರದ ತುದಿಯ ಹತ್ತಿರ ಹಾದು ಆ ಕಡೆ ಇಳಿಯುತ್ತದೆ. ಎರಡೂ ಊರು ಭೂಮಿಯ ಹೆಚ್ಚುಕಮ್ಮಿ ಎದುರುಬದುರು ಮಗ್ಗುಲಲ್ಲಿವೆ, ಅದಕ್ಕೆ.

ಆದರೆ ವಿಮಾನಗಳು ಯಾವಾಗಲೂ ದಾರದ ದಾರಿಯಲ್ಲೇ ಹೋಗುವುದಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡುತ್ತವೆ. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಕೆಲವೊಮ್ಮೆ ಗಂಟೆಗೆ 200 ಕಿ.ಮೀ. ಮೀರುತ್ತದೆ. ಬೆನ್ನಿಗೆ ಸಿಕ್ಕರೆ ಲಾಭ, ಎದುರಾದರೆ ಪೆಟ್ರೋಲೂ ಹೊತ್ತೂ ಎರಡೂ ದಂಡ. (ವಿಮಾನಕ್ಕೆ ಹಾಕೋದು ಪೆಟ್ರೋಲ್ ಅಲ್ಲ, ಸೀಮೆಎಣ್ಣೆ ಜಾತಿಯ ಇಂಧನ. ಸುಮ್ನೆ ಬಾಯಿಗೆ ಬಂತು.) ಹೋಗುವಾಗ ಪೆಸಿಫಿಕ್ ಕಡೆಯಿಂದ ಪೂರ್ವಕ್ಕೆ ಹಾರಿದರೆ ಈ ಗಾಳಿ ಬೆನ್ನಿಗೆ ಸಿಗುತ್ತದೆ. ಬರುವಾಗ ಆ ಲಾಭ ಇಲ್ಲ, ಅದಕ್ಕೇ ಹೊತ್ತು ಜಾಸ್ತಿ.

ಇದಕ್ಕೆ ಒಳ್ಳೆ ಉದಾಹರಣೆ ದೆಹಲಿಯದ್ದು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಏರ್ ಇಂಡಿಯಾ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆಗೆ ತಿರುಗಿಸಿದರು. ದೂರ ಸುಮಾರು 1,400 ಕಿ.ಮೀ. ಜಾಸ್ತಿಯಾಗಿ 15,300ಕ್ಕೆ ಹೋಯಿತು. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಮೊದಲಿಗಿಂತ ಹೆಚ್ಚುಕಮ್ಮಿ ಎರಡು ಗಂಟೆ ಬೇಗ! ಹಾಗಾಗಿ ಕಿಲೋಮೀಟರನ್ನು ವೇಗದಿಂದ ಭಾಗಿಸಿ ಗಂಟೆ ತೆಗೆಯುವ ವೆಬ್‌ಸೈಟುಗಳನ್ನು ನಾನು ನಂಬುವುದು ಬಿಟ್ಟಿದ್ದೇನೆ. ಮೇಲಾಗಿ ಯಾವ ದೇಶ ಯಾವಾಗ ತನ್ನ ಆಕಾಶ ಮುಚ್ಚುತ್ತದೋ, ಆಗ ಸುತ್ತು ಬಳಸಿ ಹೋಗಬೇಕಾಗುತ್ತದೆ. ನೇರ ವಿಮಾನವೂ ಶುರುವಾಗುತ್ತೆ, ನಿಲ್ಲುತ್ತೆ. ನೀವು ಹೋಗುವ ತಿಂಗಳಿನ ವೇಳಾಪಟ್ಟಿ ನೋಡಿಯೇ ಟಿಕೆಟ್ ಮಾಡಿ.

ಗಡಿಯಾರದ ಕಥೆಯೇ ಬೇರೆ. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ 2ಕ್ಕೆ ಹತ್ತಿ 16 ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ 5.30. ಬರುವಾಗ ಇದರ ಬಡ್ಡಿ ಕಟ್ಟಬೇಕು. 2021ರಲ್ಲಿ ಬೆಂಗಳೂರಿಗೆ ಶುರುವಾದ ಮೊದಲ ನೇರ ವಿಮಾನವನ್ನೇ ನೋಡಿ, ಪೂರ್ತಿ ಮಹಿಳಾ ಪೈಲಟ್‌ಗಳೇ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದರಲ್ಲ, ಅದು. ಅಲ್ಲಿ ಜನವರಿ 9ರ ರಾತ್ರಿ ಹೊರಟು ಇಲ್ಲಿಗೆ ಬಂದಿದ್ದು 11ರ ಬೆಳಗಿನ ಜಾವ.

ನಮ್ಮಮ್ಮ ತಂಗಿ ಮನೆಯಿಂದ ವಾಪಸ್ ಬಂದಾಗಲೂ ಹೀಗೇ ಆಯಿತು. ಶುಕ್ರವಾರ ರಾತ್ರಿ 9ಕ್ಕೆ ಹತ್ತಿದವರು ಇಳಿದಿದ್ದು ಭಾನುವಾರ ಬೆಳಗಿನ ಜಾವ ಮೂರಕ್ಕೆ. ಕಾರಿನಲ್ಲಿ ಕೂತ ತಕ್ಷಣ ಕೇಳಿದ್ದು ಒಂದೇ: "ಶನಿವಾರದ ಒಪ್ಪತ್ತು ತಪ್ಪಿಹೋಯ್ತಲ್ಲೋ, ವಿಮಾನದಲ್ಲಿ ಎರಡು ಸಲ ಊಟ ಕೊಟ್ಟರು, ಎರಡೂ ತಿಂದೆ. ಅದು ಶುಕ್ರವಾರದ್ದೋ ಶನಿವಾರದ್ದೋ?" ಎಷ್ಟು ಲೆಕ್ಕ ಹಾಕಿದರೂ ನನಗೆ ಹೇಳಲಾಗಲಿಲ್ಲ.