40 ದಿನದ ಅಡಿಕೆ, 5 ದಿನದ ಲೆಕ್ಕ

ಪ್ರಶ್ನೆ: ನಾವು ನಾಲ್ವರು ಕೊನೆಯ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗಳು. ಎಲ್ಲರ ಮನೆಯಲ್ಲೂ ಅಡಿಕೆ ತೋಟ ಇದೆ. ಪ್ರಾಜೆಕ್ಟಿಗೆ ಅಡಿಕೆ ಒಣಗಿಸುವ ಸೋಲಾರ್ ಡ್ರೈಯರ್ ಮಾಡುತ್ತೇವೆ ಅಂದರೆ ಗೈಡ್ "ಇದರಲ್ಲಿ ಹೊಸತೇನು?" ಅಂತ ವಾಪಸ್ ಕಳಿಸಿದರು. ಸೆನ್ಸರ್, ಮೊಬೈಲ್ ಆ್ಯಪ್ ಸೇರಿಸಿ ಅನ್ನುತ್ತಾರೆ ಸೀನಿಯರ್‌ಗಳು. ವಿಷಯ ಬದಲಿಸಬೇಕಾ ಸರ್?
– ಬದಿಯಡ್ಕದಿಂದ

ಉತ್ತರ: ಬದಲಿಸಬೇಡಿ. ಆದರೆ ಗೈಡ್ ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ಆ್ಯಪ್ ಉತ್ತರ ಅಲ್ಲ. ಯಂತ್ರದ ಚಿತ್ರ ಬರೆಯುವ ಮೊದಲು ಒಂದು ಲೆಕ್ಕ ಮಾಡಿ.

50 ಕೆಜಿ ಹಣ್ಣಡಿಕೆಯಿಂದ 25 ಕೆಜಿ ನೀರು ಹೋಗಬೇಕು ಅಂತ ಇಟ್ಟುಕೊಳ್ಳೋಣ (ನಿಜವಾದ ಸಂಖ್ಯೆ ನೀವೇ ತೂಗಿ ನೋಡಬೇಕು). 1 ಕೆಜಿ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. ಒಟ್ಟು 60,000, ಅಂದರೆ ಹತ್ತಿರ ಹತ್ತಿರ 17 ಯೂನಿಟ್ (1 ಯೂನಿಟ್ ಅಂದರೆ 3,600 ಕಿಲೋಜೂಲ್). ಒಳ್ಳೆಯ ಬಿಸಿಲಿನ ದಿನ 1 ಚದರ ಮೀಟರಿಗೆ ಸುಮಾರು 5 ಯೂನಿಟ್ ಬೀಳುತ್ತದೆ, ಅದರಲ್ಲಿ ಮೂರನೇ ಒಂದು ಭಾಗ ಸಿಕ್ಕಿದರೂ 2 ಚದರ ಮೀಟರಿನ ಡ್ರೈಯರಿಗೆ 5 ದಿನ ಸಾಕು.

ಆದರೆ ನಿಮ್ಮ ಅಂಗಳದಲ್ಲಿ ಹಣ್ಣಡಿಕೆ ಬಿಸಿಲಿಗೆ ಒಣಗಿ ಚಾಲಿ ಆಗಲು 35ರಿಂದ 45 ದಿನ ಬೇಕು, ಅಲ್ವಾ? ಉಳಿದ ದಿನಗಳು ಎಲ್ಲಿ ಹೋದವು? ಅದೇ ನಿಮ್ಮ ಪ್ರಾಜೆಕ್ಟ್.

ಕಾರಣ ಸಿಪ್ಪೆಯಲ್ಲಿದೆ. ಒಳಗಿನ ತಿರುಳಿನ ನೀರು ಆ ದಪ್ಪ ನಾರಿನ ಪದರ ದಾಟಿ ಹೊರಗೆ ಬರಬೇಕು, ಅದು ನಿಧಾನವಾಗಿಯೇ ಬರುತ್ತದೆ, ನೀವು ಎಷ್ಟು ದೊಡ್ಡ ಹೀಟರ್ ಇಟ್ಟರೂ ಮೊದಲು ಒಣಗುವುದು ಸಿಪ್ಪೆ ಮಾತ್ರ. ಇನ್ನೊಂದು ಕಾರಣ ರಾತ್ರಿ. ಸಂಜೆ ಅಡಿಕೆ ರಾಶಿ ಮಾಡಿ ಟಾರ್ಪಾಲು ಮುಚ್ಚುತ್ತೇವೆ, ಒಳಗಿನ ತೇವ ಅಲ್ಲೇ ಕೂತಿರುತ್ತದೆ. ಪ್ಲಾಸ್ಟಿಕ್ ಶೀಟು ಹೊದಿಸಿದ ಒಣಗಿಸುವ ಗೂಡಿನಲ್ಲೂ ಅಷ್ಟೇ, ಗಾಳಿ ಹೋಗಲು ದಾರಿ ಇಲ್ಲದಿದ್ದರೆ ಬೆಳಿಗ್ಗೆ ಶೀಟಿನಿಂದ ನೀರು ತೊಟ್ಟಿಕ್ಕುತ್ತದೆ. ಬೂಸ್ಟು ಹಿಡಿಯಲು ಬೇರೇನು ಬೇಕು?

ಹಾಗಾಗಿ ಒಂದೇ ಪ್ರಶ್ನೆ ಹಿಡಿಯಿರಿ. ಉದಾಹರಣೆಗೆ: ರಾತ್ರಿಯೂ ಸಣ್ಣ ಫ್ಯಾನ್ ತಿರುಗಿದರೆ ಒಣಗುವ ಸಮಯದಲ್ಲಿ ಎಷ್ಟು ದಿನ ಉಳಿತಾಯ ಆಗುತ್ತದೆ? ಒಂದೇ ತೋಟದ, ಒಂದೇ ದಿನ ಕೊಯ್ದ ಅಡಿಕೆಯನ್ನು 5 ಕೆಜಿಯಂತೆ ಮೂರು ಪಾಲು ಮಾಡಿ. ಒಂದು ಅಂಗಳಕ್ಕೆ, ಒಂದು ಫ್ಯಾನ್ ಇಲ್ಲದ ಗೂಡಿಗೆ, ಒಂದು ಫ್ಯಾನ್ ಇರುವ ಗೂಡಿಗೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ. ಮಳೆ ಬಂದ ದಿನ, ತೂಗಲು ಮರೆತ ದಿನ, ಎಲ್ಲವನ್ನೂ ಬರೆಯಿರಿ. ಕೊನೆಗೆ ಪ್ರತಿ ಪಾಲಿನಿಂದ 50 ಅಡಿಕೆ ಸುಲಿದು, ಒಡೆದು, ಬೂಸ್ಟು ಎಷ್ಟರಲ್ಲಿದೆ ಅಂತ ಎಣಿಸಿ. ವ್ಯತ್ಯಾಸ ಏನೂ ಇಲ್ಲ ಅಂತ ಬಂದರೆ ಹಾಗೇ ಬರೆಯಿರಿ, ಅದೂ ಫಲಿತಾಂಶವೇ. ಸಂಖ್ಯೆ ತಿದ್ದಬೇಡಿ, ದಯವಿಟ್ಟು.

ಇಷ್ಟಾದ ಮೇಲೆ ಸೆನ್ಸರ್ ಬೇಕು ಅನ್ನಿಸಿದರೆ ಹಾಕಿ, ಗೂಡಿನ ಒಳಗಿನ ತೇವ ಅಳೆಯಲು ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲೂ ಕೇಳಿ. ಕಳೆದ ವರ್ಷ ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಕೊಟ್ಟಾಗ ಎಷ್ಟು ಕೆಜಿ ಪಠೋರ, ಕರಿಗೋಟು (ಕೆಳದರ್ಜೆಯ ಅಡಿಕೆ) ಅಂತ ಕಡಿಮೆ ದರಕ್ಕೆ ಹೋಯಿತು? ನಿಮ್ಮ ಗೂಡಿಗೆ ಎಷ್ಟು ಖರ್ಚು ಮಾಡಬಹುದು ಅನ್ನುವುದು ಆ ನಷ್ಟದಿಂದಲೇ ತಿಳಿಯುತ್ತದೆ. ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಹತ್ತಿರದಲ್ಲೇ ಇದೆ, 1970ರಿಂದ ತೆಂಗು, ಅಡಿಕೆ, ಕೊಕ್ಕೊ ಮೇಲೆ ಕೆಲಸ ಮಾಡುವ ಸಂಸ್ಥೆ. ಅಲ್ಲಿಯವರು ಈಗಾಗಲೇ ಏನು ಮಾಡಿದ್ದಾರೆ ಅಂತ ನೋಡದೆ "ಹೊಸತು" ಅನ್ನಬೇಡಿ.

ಪ್ರಶ್ನೆ: ಹನ್ನೆರಡನೆಯವರೆಗೆ ಕನ್ನಡ ಮಾಧ್ಯಮ. ಪ್ರಾಜೆಕ್ಟ್ ವರದಿ, ವೈವಾ ಎಲ್ಲ ಇಂಗ್ಲಿಷ್. ತುಂಬಾ ಭಯ.
– ಮಂಜೇಶ್ವರದಿಂದ

ಉತ್ತರ: ದಿನದ ನೋಟ್ಸ್ ಕನ್ನಡದಲ್ಲೇ ಬರೆಯಮ್ಮ. ಏನು ಮಾಡಿದೆ, ಏನಾಯಿತು, ಯಾಕೆ ಹಾಗಾಯಿತು. ಇಂಗ್ಲಿಷ್ ವರದಿಯನ್ನು ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಸಣ್ಣ ಸಣ್ಣ ವಾಕ್ಯಗಳಲ್ಲಿ ಬರಿ, ಬೇರೆ ವರದಿಯಿಂದ ಎತ್ತಬೇಡ. ಎತ್ತಿದ ವಾಕ್ಯದ ಬಗ್ಗೆಯೇ ವೈವಾದಲ್ಲಿ ಕೇಳಿಬಿಡುತ್ತಾರೆ. ನಾನು ಪರೀಕ್ಷಕನಾಗಿ ಕೂತಾಗ ಮೊದಲು ಕೈ ಹಾಕುವುದು ಆ ನೋಟ್ಸ್ ಪುಸ್ತಕಕ್ಕೆ. ಅದನ್ನು ಮರೆಯದೆ ತಗೊಂಡು ಹೋಗು.