ಷೇರು ಟಿಪ್ಸ್ ಗುಂಪಿಗೆ ಸೇರಿದರೆ ರಿಸ್ಕ್ ತೆಗೆದುಕೊಳ್ಳುವ ಧೈರ್ಯ ಬರುತ್ತದೆಯೇ?

'ಗುಂಪಿನಲ್ಲಿ ದಿನಾ ಎಲ್ಲರೂ ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಾರೆ, ಮೂರು ಲಕ್ಷ ಕೂಡಿಟ್ಟಿರುವ ನನಗೆ ಮಾತ್ರ ಧೈರ್ಯ ಸಾಲುತ್ತಿಲ್ಲ' ಎಂದು ಬರೆದಿದ್ದೀರಿ. 2024ರ ಬೇಸಿಗೆಯಲ್ಲಿ ನಾನು ಆಡುತ್ತಿದ್ದ ಮಾತು ಇದೇ.

ನಮ್ಮದು ಶಿಡ್ಲಘಟ್ಟ. ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕವಿದೆ. ಈ ಕಸುಬಿನಲ್ಲಿ ಗೂಡು ಕೊಳ್ಳುವ ಹಣ ಸದಾ ಕೈಯಲ್ಲಿರಬೇಕು. ಗೂಡು ತಂದು, ನೂಲು ಮಾರಿ, ಬಂದ ಹಣದಲ್ಲಿ ಮತ್ತೆ ಗೂಡು ತರಬೇಕು. ಆಗ ಆ ಹಣ, 2.8 ಲಕ್ಷ ರೂಪಾಯಿ, ನನ್ನ ಖಾತೆಯಲ್ಲಿತ್ತು.

ಜೂನ್ 1ರ ಸಂಜೆ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಬಂದವು. ಸೋಮವಾರ, ಜೂನ್ 3ರಂದು, ದೊಡ್ಡ ಐವತ್ತು ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿ ಶೇ 3ಕ್ಕಿಂತ ಹೆಚ್ಚು ಜಿಗಿದು 23,263ರಲ್ಲಿ ನಿಂತಿತು. ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ಹಬ್ಬವೋ ಹಬ್ಬ. ಅಂದು ಮಧ್ಯಾಹ್ನ ಅಷ್ಟೂ ಹಣ ಸುರಿದು, ಅದೇ ಗುರುವಾರ ಅವಧಿ ಮುಗಿಯುವ, ಅಷ್ಟರೊಳಗೆ ನಿಫ್ಟಿ ಏರಿದರೆ ಮಾತ್ರ ಲಾಭ ಕೊಡುವ ಕಾಲ್ ಆಪ್ಷನ್‌ಗಳನ್ನು ಕೊಂಡೆ.

ಕೊಂಡದ್ದು ತಪ್ಪೇ. ಆದರೆ ನನ್ನನ್ನು ಮುಳುಗಿಸಿದ್ದು ಅದಾದ ಹತ್ತು ನಿಮಿಷಕ್ಕೆ ನಾನು ಮಾಡಿದ ಕೆಲಸ. ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿದೆ. 'ಶಿಡ್ಲಘಟ್ಟದ ಹುಲಿ' ಎಂದು ಯಾರೋ ಬರೆದರು. ಚಪ್ಪಾಳೆಯ ಚಿತ್ರಗಳು ಒಂದರ ಹಿಂದೊಂದು ಬಂದವು. ಮುಖವನ್ನೇ ನೋಡಿರದ ನೂರಾರು ಜನ ನನ್ನನ್ನು ಮೆಚ್ಚಿದರು. ರಾತ್ರಿ ಮಲಗುವ ಮುನ್ನ ಎಷ್ಟು ಸಲ ತೆಗೆದು ಓದಿದೆನೋ ಲೆಕ್ಕವಿಲ್ಲ.

ಮರುದಿನ ಮತ ಎಣಿಕೆ. ಮಾರುಕಟ್ಟೆ ತೆರೆದ ಸ್ವಲ್ಪ ಹೊತ್ತಿಗೇ ನನ್ನ ಹಣದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗಿತ್ತು. ಮಾರುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ಕೂತಿದ್ದೆ. ಒತ್ತಿದ್ದರೆ ಒಂದೂಮುಕ್ಕಾಲು ಲಕ್ಷವಾದರೂ ಉಳಿಯುತ್ತಿತ್ತು. ಒತ್ತಲಿಲ್ಲ, ಏಕೆಂದರೆ ಗುಂಪಿನಲ್ಲಿ ಆಗಲೇ 'ಹೆದರಿ ಮಾರುವವರು ಗುಂಪು ಬಿಡಿ' ಎಂದು ಅಡ್ಮಿನ್ ಹಾಕಿದ್ದರು. ನಿನ್ನೆ ಹುಲಿಯಾದವನು ಇಂದು ಹೇಗೆ ಓಡಿಹೋಗಲಿ? ಇದನ್ನು ಬಿಡಿಸಿ ಹೇಳಲೇಬೇಕು. ಆ ಕ್ಷಣದಲ್ಲಿ ನಾನು ಲೆಕ್ಕ ಹಾಕುತ್ತಿದ್ದದ್ದು ಹಣವನ್ನಲ್ಲ, ಮಾನವನ್ನು. ಯಾರಿಗೂ ಹೇಳದೆ ಕೊಂಡಿದ್ದರೆ ಯಾರಿಗೂ ಹೇಳದೆ ಮಾರುತ್ತಿದ್ದೆ. ಹೇಳಿಬಿಟ್ಟಿದ್ದರಿಂದ ಅದು ನನ್ನ ಹೆಸರಿಗೆ ಅಂಟಿಕೊಂಡಿತ್ತು. ಅವರಲ್ಲಿ ಎಷ್ಟು ಮಂದಿ ನಿಜವಾಗಿ ಹಣ ಹಾಕಿದ್ದರು, ಎಷ್ಟು ಮಂದಿ ಸದ್ದಿಲ್ಲದೆ ಮಾರಿ ಹೊರಬಿದ್ದಿದ್ದರು ಎಂದು ತಿಳಿಯುವ ದಾರಿಯೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಉಳಿದದ್ದು ಹನ್ನೊಂದು ಸಾವಿರ. ನಿಫ್ಟಿ ಅಂದು ಸುಮಾರು ಶೇ 6ರಷ್ಟು ಕುಸಿದು 21,884ಕ್ಕೆ ಇಳಿಯಿತು.

ಜೂನ್ 7ರ ಶುಕ್ರವಾರ ಅದೇ ನಿಫ್ಟಿ 23,290ಕ್ಕೆ ಮರಳಿತು. 'ನಾವು ಹೇಳಿದ್ದೇ ಆಯಿತಲ್ಲ' ಎಂದು ಗುಂಪಿನಲ್ಲಿ ಮತ್ತೆ ಸಂಭ್ರಮ. ನನ್ನ ಆಪ್ಷನ್‌ಗಳ ಅವಧಿ ಹಿಂದಿನ ದಿನವೇ ಮುಗಿದಿತ್ತು. ಷೇರು ಕೊಂಡವನು ಕಾಯಬಹುದು, ಆಪ್ಷನ್ ಕೊಂಡವನಿಗೆ ಗಡುವಿದೆ. ಈ ವ್ಯತ್ಯಾಸವನ್ನು ಆ ಗುಂಪಿನಲ್ಲಿ ಯಾರೂ ಒಂದು ದಿನ ಕೂಡ ಹೇಳಿಕೊಟ್ಟಿರಲಿಲ್ಲ.

ನಮ್ಮ ಘಟಕದ ಒಲೆ ಹತ್ತೊಂಬತ್ತು ದಿನ ಹೊತ್ತಲಿಲ್ಲ. ಕೆಲಸಕ್ಕೆ ಬರುತ್ತಿದ್ದ ಹೆಂಗಸರು ಮೊದಲ ಎರಡು ದಿನ ಬಂದು, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋದರು. ಅಮ್ಮನ ಸರ ಅಡವಿಟ್ಟ ಮೇಲೆಯೇ ಮತ್ತೆ ಗೂಡು ಬಂತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಧೈರ್ಯದ ಕೊರತೆಯಿಲ್ಲ. ಗುಂಪು ಕೊಡುವುದು ಧೈರ್ಯವೂ ಅಲ್ಲ, ಹಿಂದೆ ಸರಿಯಲು ನಾಚಿಕೆ. ರಿಸ್ಕ್ ಎಂದರೆ ಏನೆಂದು ನೋಡಬೇಕಾದರೆ ನಮ್ಮೂರ ಗೂಡಿನ ಮಾರುಕಟ್ಟೆಗೆ ಬನ್ನಿ. ಅಪ್ಪ ಜಾಲರಿಯೊಳಗೆ ಕೈ ಇಳಿಸಿ ತಳದಿಂದ ನಾಲ್ಕು ಗೂಡು ಎತ್ತುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಹುಳು ಗಟ್ಟಿಯಾಗಿ ಸದ್ದು ಮಾಡಬೇಕು. ಮಾಡದಿದ್ದರೆ ಸತ್ತು ಕರಗಿದೆ, ನೂಲಿಗೂ ಕಲೆ. ಆಮೇಲೆ ಇಂದು ಇಷ್ಟೇ ಎಂದು ಒಂದು ದರ ಮನಸ್ಸಿನಲ್ಲಿಟ್ಟುಕೊಂಡು ಹರಾಜಿಗೆ ಇಳಿಯುತ್ತಾರೆ. ಅದನ್ನು ದಾಟಿದರೆ ಬರಿಗೈಯಲ್ಲಿ ಮನೆಗೆ ಬರುತ್ತಾರೆ. ಬರಿಗೈಯಲ್ಲಿ ಬಂದದ್ದಕ್ಕೆ ಅವರು ಯಾರಿಗೂ ಸಮಜಾಯಿಷಿ ಕೊಟ್ಟದ್ದನ್ನು ನಾನು ನೋಡಿಲ್ಲ.

ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಓದಿ. ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನದ ವ್ಯವಹಾರಕ್ಕೆ ಈಗಲೇ ದರ ಗೊತ್ತುಮಾಡುವ ಒಪ್ಪಂದ) ಮತ್ತು ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ, ತಲಾ ಸರಾಸರಿ 2 ಲಕ್ಷ. ಆ ತೊಂಬತ್ಮೂರು ಮಂದಿಯ ಸ್ಕ್ರೀನ್‌ಶಾಟ್ ನಿಮ್ಮ ಗುಂಪಿನಲ್ಲಿ ಎಂದಾದರೂ ಕಂಡಿದ್ದೀರಾ? ಖಚಿತ ಲಾಭ ಎಂದು ಮಾತು ಕೊಡುವ ಅಡ್ಮಿನ್‌ನಿಂದ ಇಂದೇ ದೂರವಾಗಿ. ಹಾಗೆ ಮಾತು ಕೊಡಲು ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರರಿಗೂ ಅವಕಾಶವಿಲ್ಲ. ಯಾವ ಗುಂಪು ಒಳ್ಳೆಯದು ಎಂದೂ ಕೇಳಿದ್ದೀರಿ. ಒಂದರ ಹೆಸರನ್ನೂ ಹೇಳುವುದಿಲ್ಲ.

ಆ ಮೂರು ಲಕ್ಷವನ್ನು ಯಾವುದಕ್ಕೆಂದು ಕೂಡಿಟ್ಟಿರಿ ಎಂದು ನೀವು ಬರೆದಿಲ್ಲ. ತಂಗಿಯ ಮದುವೆಗೋ, ಕೊಳವೆಬಾವಿಗೋ, ಅಂಗಡಿಯ ಮುಂಗಡಕ್ಕೋ? ಅದನ್ನು ಮೊದಲು ಬರೆಯಿರಿ. ಮಿಕ್ಕದ್ದನ್ನು ಆಮೇಲೆ ಮಾತನಾಡೋಣ.